ವಶೀಲಿಯೂ ವಕಾಲತ್ತೂ: ತರಗತಿಯಲ್ಲಿ ಲಾಬಿಯ ಪಾಠ

ಮಾನ್ಯ ಅಧ್ಯಾಪಕ ಮಿತ್ರರೇ,

'ಲಾಬಿ' ಎಂಬ ಪದ ನಮ್ಮ ವಿದ್ಯಾರ್ಥಿಗಳ ಕಿವಿಗೆ ಬೀಳುವುದು ಬಹುಮಟ್ಟಿಗೆ ಸಂಪುಟ ವಿಸ್ತರಣೆಯ ಸುದ್ದಿಯಲ್ಲಿ. ಆದ್ದರಿಂದ ಅವರು ಅದನ್ನು ವಶೀಲಿಬಾಜಿಯ ಸಭ್ಯ ಹೆಸರೆಂದೇ ತಿಳಿದಿರುತ್ತಾರೆ. ಈ ತಿಳಿವಳಿಕೆಯನ್ನು ತಿದ್ದಲು ಶಿವಮೊಗ್ಗದಲ್ಲಿ ಪಾಠ ಮಾಡುವವರು ದೂರ ಹೋಗಬೇಕಿಲ್ಲ, ಅಡಿಕೆ ಮಂಡಿಯವರೆಗೆ ಹೋದರೆ ಸಾಕು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು, ಅಂದರೆ ಯಾವ ಬೆಲೆಗಿಂತ ಅಗ್ಗವಾಗಿ ಹೊರದೇಶದ ಅಡಿಕೆಯನ್ನು ತರಿಸುವಂತಿಲ್ಲವೋ ಆ ಮಿತಿಯನ್ನು, ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಬೆಳೆಗಾರರ ಸಹಕಾರ ಸಂಘಗಳೂ ಈ ಭಾಗದ ಜನಪ್ರತಿನಿಧಿಗಳೂ ಬಹುಕಾಲದಿಂದ ಮುಂದಿಟ್ಟಿದ್ದ ಬೇಡಿಕೆ ಅದು. ಅದನ್ನು ಲಾಬಿ ಎಂದು ಕರೆಯಲು ನಾವು ಹಿಂಜರಿಯುವುದಾದರೆ, ಆ ಹಿಂಜರಿಕೆಗೆ ಕಾರಣವೇನೆಂಬುದೇ ಮೊದಲ ದಿನದ ಚರ್ಚೆಯಾಗಲಿ.

ಎರಡನೆಯ ಪಾಠ ಬರವಣಿಗೆಯದು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು 2024ರ ಜುಲೈ 31ರಂದು ಮತ್ತೊಮ್ಮೆ ಹೊರಡಿಸಿ, ಆಕ್ಷೇಪಣೆಗೆ 60 ದಿನಗಳ ಅವಕಾಶ ನೀಡಲಾಗಿತ್ತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆ ಬಗ್ಗೆ ಬರೆಯಿರಿ ಎಂದರೆ ವಿದ್ಯಾರ್ಥಿಗಳು 'ಸರ್ಕಾರ ಕೂಡಲೇ ಎಚ್ಚೆತ್ತುಕೊಳ್ಳಬೇಕು' ಎಂದು ಮುಗಿಸಿಬಿಡುತ್ತಾರೆ. ಕರಡನ್ನೇ ಕೈಗೆ ಕೊಡಿ. ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆಗಳಿಗೆ ನಿಷೇಧ, 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಹೊಸ ಕಟ್ಟಡಗಳಿಗೆ ನಿಷೇಧ ಎಂಬ ಷರತ್ತುಗಳನ್ನು ಓದಿದ ತೀರ್ಥಹಳ್ಳಿಯ ಹುಡುಗ, ತನ್ನ ಮನೆಯ ಹೆಂಚು ಬದಲಿಸುವುದಕ್ಕೂ ಈ ಮಾತಿಗೂ ಏನು ಸಂಬಂಧ ಎಂದು ಕೇಳತೊಡಗುತ್ತಾನೆ. ಯಾವ ಷರತ್ತು, ಯಾವ ಸಚಿವಾಲಯ, ಬದಲಿಗೆ ಯಾವ ವಾಕ್ಯ ಬೇಕು ಎಂಬ ಮೂರನ್ನು ಬರೆಯಲಾರದವನು ಮನವಿ ಕೊಡಬಲ್ಲ, ವಕಾಲತ್ತು ವಹಿಸಲಾರ. (ಮನವಿ ಕೊಡುವಾಗ ತೆಗೆಸಿಕೊಂಡ ಫೋಟೋ ಮರುದಿನದ ಪತ್ರಿಕೆಯಲ್ಲಿ ಬಂದರೆ ಕೆಲಸವಾಯಿತೆಂದು ನಂಬುವ ನಿಯೋಗಗಳು ನಮ್ಮಲ್ಲಿ ಕಡಿಮೆಯೇನಿಲ್ಲ.)

ಅಮೆರಿಕದಲ್ಲಿ 1995ರ ಕಾಯಿದೆಯಂತೆ ವೃತ್ತಿಪರ ಲಾಬಿಗಾರರು ನೋಂದಾಯಿಸಿಕೊಂಡು, ಯಾರ ಪರವಾಗಿ ಕೆಲಸ ಮಾಡುತ್ತಿದ್ದೇವೆಂಬುದನ್ನೂ ಅದರ ಹಣದ ಲೆಕ್ಕವನ್ನೂ ಬಹಿರಂಗಪಡಿಸಬೇಕು. ಭಾರತದಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಆದರೆ ನಮ್ಮ ತರಗತಿಯಲ್ಲಿ ಆ ನಿಯಮವನ್ನು ಜಾರಿಗೊಳಿಸಲು ಯಾರ ಅಪ್ಪಣೆಯೂ ಬೇಡ: ಪ್ರತಿ ಆಕ್ಷೇಪಣೆಯ ಮೊದಲ ಸಾಲಿನಲ್ಲಿ, ಬರೆದವರ ಮನೆಗೆ ಅದರಿಂದ ಆಗುವ ಲಾಭನಷ್ಟ ನಮೂದಾಗಿರಲಿ.

ಕೊನೆಯ ಅಭ್ಯಾಸವೇ ಕಠಿಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿದೆ. ತೋಟವಿರುವ ಮನೆಯ ವಿದ್ಯಾರ್ಥಿನಿಗೆ ಬಾಯಿ ಕ್ಯಾನ್ಸರಿನ ವೈದ್ಯರ ಪರವಾಗಿ ಬರೆಯಲು ಹೇಳಿ. ನಗರದ ಹುಡುಗನಿಗೆ ಒಂದು ಎಕರೆ ತೋಟವನ್ನೇ ನೆಚ್ಚಿದವರ ಪರವಾಗಿ. ಅಂಕ ಕೊಡುವಾಗ ನಾನು ನೋಡುವುದು ಇಷ್ಟೇ: ಎದುರಾಳಿಯ ಅತ್ಯಂತ ಬಲವಾದ ಪುರಾವೆಯನ್ನು ಇವರು ತಮ್ಮ ಪುಟದಲ್ಲಿ ಎದುರಿಸಿದ್ದಾರೆಯೇ, ಮುಚ್ಚಿಟ್ಟಿದ್ದಾರೆಯೇ?