ಜಮಾಬಂದಿ ದಿನ ನೀವು ಎಲ್ಲಿದ್ದಿರಿ? ನಮ್ಮ ಗ್ರಾಮ ಪಂಚಾಯತಿ ಲೆಕ್ಕದ ಕತೆ

(ದೃಶ್ಯ: ಪಂಚಾಯತಿ ಕಚೇರಿಯ ನೋಟಿಸ್ ಬೋರ್ಡ್. ಮಳೆಗೆ ಶಾಯಿ ಹರಡಿದ ಒಂದು ಕಾಗದ.)

ನಮಸ್ಕಾರ. ಈ ಕಾಗದ ನೋಡಿ. ನಮ್ಮೂರಿನ ಪಂಚಾಯತಿ ಬೋರ್ಡಿಗೆ ಅಂಟಿಸಿದ್ದು. ಮೇಲೆ ದಪ್ಪ ಅಕ್ಷರದಲ್ಲಿ ‘ಜಮಾಬಂದಿ’ ಅಂತ ಇದೆ. ಕೆಳಗೆ ತಾರೀಕು, ಸಮಯ. ಕೊನೆಯಲ್ಲಿ ‘ಸಾರ್ವಜನಿಕರು ಹಾಜರಿರಬೇಕಾಗಿ ಕೋರಿಕೆ’. ನಾನು ಇದನ್ನು ನೋಡುವಷ್ಟರಲ್ಲಿ ಆ ತಾರೀಕು ಮುಗಿದು ನಾಲ್ಕು ದಿನ ಆಗಿತ್ತು.

ಅಕ್ಕಪಕ್ಕದ ಮನೆಯವರನ್ನು ಕೇಳಿದೆ. ಜಮಾಬಂದಿ ಅಂದರೆ ಏನು ಅಂತ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಸರಿಯಾಗಿ ಹೇಳಿದ್ದು ಒಬ್ಬರೇ. ಹಿಂದೊಮ್ಮೆ ಪಂಚಾಯತಿ ಸದಸ್ಯೆಯಾಗಿದ್ದ ನಮ್ಮ ಬೀದಿಯ ಅಕ್ಕ. ಅವರ ಕತೆಗೆ ಆಮೇಲೆ ಬರುತ್ತೇನೆ.

ಜಮಾಬಂದಿ ಅಂದರೆ ಇಷ್ಟೇ. ಕಳೆದ ಹಣಕಾಸು ವರ್ಷದಲ್ಲಿ ಪಂಚಾಯತಿಗೆ ಎಷ್ಟು ದುಡ್ಡು ಬಂತು, ಎಲ್ಲಿ ಖರ್ಚಾಯಿತು ಅನ್ನುವುದನ್ನು ಊರಿನವರ ಎದುರೇ ಓದುವುದು, ಕಡತ ತೆಗೆದು ತೋರಿಸುವುದು, ಮಾಡಿದ ಕೆಲಸವನ್ನು ಹೋಗಿ ನೋಡುವುದು. ಕರ್ನಾಟಕದಲ್ಲಿ ಇದಕ್ಕೆ ನಿಯಮವೇ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಸಬೇಕು. ಇದಕ್ಕಾಗಿ ಹೊರಗಿನಿಂದ ಒಬ್ಬ ಅಧಿಕಾರಿಯನ್ನು ನೇಮಿಸುತ್ತಾರೆ.

ಇಷ್ಟು ದೊಡ್ಡ ಹಕ್ಕು ನಮ್ಮ ಕೈಯಲ್ಲಿದೆ. ನಮಗೇ ಗೊತ್ತಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ. ಹಾಗಾಗಿ ಈ ವಿಡಿಯೋ.

(ದೃಶ್ಯ: ಕಲ್ಲಿನ ಗೋಡೆ ತುಂಬ ಕೊರೆದ ಹಳೆಯ ತಮಿಳು ಅಕ್ಷರಗಳು.)

ಊರಿಗೆ ಲೆಕ್ಕ ಒಪ್ಪಿಸುವ ಕತೆ ಹಳೆಯದು. ಮೊದಲು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಗೆ ಹೋಗೋಣ. ಊರಿನ ಹೆಸರು ಉತ್ತಿರಮೇರೂರು. ಅಲ್ಲಿ ಒಂದು ದೇವಸ್ಥಾನದ ಗೋಡೆ ಮೇಲೆ ಸುಮಾರು ಕ್ರಿ.ಶ. 920ರ ಶಾಸನಗಳಿವೆ. ಚೋಳರ ಒಂದನೇ ಪರಾಂತಕನ ಕಾಲದವು. ಊರ ಸಭೆಗೆ ಜನರನ್ನು ಹೇಗೆ ಆರಿಸಬೇಕು ಅಂತ ಅದರಲ್ಲಿ ಬರೆದಿದೆ. ಊರನ್ನು 30 ಭಾಗ ಮಾಡಿದ್ದರು. ಅರ್ಹರ ಹೆಸರನ್ನು ಓಲೆಗರಿಯ ಚೀಟಿಗಳಲ್ಲಿ ಬರೆದು ಮಡಕೆಗೆ ಹಾಕುತ್ತಿದ್ದರು. ಏನೂ ತಿಳಿಯದ ಒಬ್ಬ ಚಿಕ್ಕ ಹುಡುಗನ ಕೈಯಲ್ಲಿ ಚೀಟಿ ತೆಗೆಸುತ್ತಿದ್ದರು. ಹಾಗೆ ಬಂದವರು ಒಂದು ವರ್ಷ ಕೆರೆ ನೋಡಿಕೊಳ್ಳುವ ಸಮಿತಿ, ತೋಟದ ಸಮಿತಿ ಇವುಗಳಲ್ಲಿ ಕೂರುತ್ತಿದ್ದರು.

ನನ್ನ ಮನಸ್ಸಲ್ಲಿ ನಿಂತಿದ್ದು ಯಾರು ನಿಲ್ಲಬಾರದು ಅನ್ನುವ ಪಟ್ಟಿ. ಹಿಂದೆ ಯಾವುದಾದರೂ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನು ಮಡಕೆಗೆ ಹಾಕುವಂತಿಲ್ಲ. ಅವನಷ್ಟೇ ಅಲ್ಲ, ಅವನ ನೆಂಟರಿಷ್ಟರ ಹೆಸರನ್ನೂ ಹಾಕುವಂತಿಲ್ಲ! ಸಾವಿರದ ನೂರು ವರ್ಷದ ಹಿಂದೆ ಇದನ್ನು ಕಲ್ಲಿನಲ್ಲಿ ಕೊರೆಸಿದ್ದಾರೆ. ದಿನಾ ದೇವಸ್ಥಾನಕ್ಕೆ ಬರುವವರ ಕಣ್ಣಿಗೆ ಬೀಳುವ ಹಾಗೆ.

ಆದರೆ ಇದನ್ನೇ ಹಿಡಿದು ‘ನೋಡಿ, ನಮ್ಮಲ್ಲಿ ಆಗಲೇ ಪ್ರಜಾಪ್ರಭುತ್ವ ಇತ್ತು’ ಅಂತ ಎದೆ ತಟ್ಟಿಕೊಳ್ಳುವುದು ಸರಿಯಲ್ಲ. ಅದು ಬ್ರಾಹ್ಮಣರ ಊರು. ಆ ಮಡಕೆಯಲ್ಲಿ ಚೀಟಿ ಇರಬೇಕಾದರೆ ಸ್ವಂತ ಜಮೀನು ಬೇಕು, ಸ್ವಂತ ಜಾಗದಲ್ಲಿ ಮನೆ ಬೇಕು, ವೇದ ಗೊತ್ತಿರಬೇಕು. ಹೆಂಗಸರ ಹೆಸರಿಲ್ಲ. ಹೊಲದಲ್ಲಿ ದುಡಿಯುವವರ ಹೆಸರಿಲ್ಲ.

ನಮ್ಮ ಕಡೆಯೂ ಹಾಗೇ. ಕನ್ನಡದ ಹಳೆಯ ಶಾಸನಗಳಲ್ಲಿ ಊರಿನ ಮುಖ್ಯಸ್ಥರಾದ ಗಾವುಂಡರು ಬರುತ್ತಾರೆ, ಅಗ್ರಹಾರದ ಮಹಾಜನರು ಬರುತ್ತಾರೆ. ಆಮೇಲಿನ ಕಾಲದಲ್ಲಿ ಪಟೇಲ, ಶಾನುಭೋಗ, ತಳವಾರ, ನೀರಗಂಟಿ. ಊರಿನ ಕೆಲಸ ಊರಲ್ಲೇ ನಡೆಯುತ್ತಿತ್ತು, ಅದು ನಿಜ. ಆದರೆ ಅರಳಿಕಟ್ಟೆ ಮೇಲೆ ಕೂರುತ್ತಿದ್ದವರು ಯಾರು? ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದವರು ಯಾರು? ನಮ್ಮ ಮನೆಗಳಲ್ಲಿ ಹಿರಿಯರು ಇದ್ದರೆ ಕೇಳಿ ನೋಡಿ, ಹೇಳುತ್ತಾರೆ.

ಬಾಬಾಸಾಹೇಬ್ ಅಂಬೇಡ್ಕರ್ ಇದನ್ನು ನೇರವಾಗಿಯೇ ಹೇಳಿದರು. 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಅವರು ಹಳ್ಳಿಯನ್ನು ಹೊಗಳಲಿಲ್ಲ. ಸಣ್ಣತನ, ಅಜ್ಞಾನ, ಕೋಮು ಭಾವನೆ ತುಂಬಿದ ಜಾಗ ಅಂತ ಕಟುವಾಗಿ ಟೀಕಿಸಿದರು. ಗಾಂಧಿಯ ಗ್ರಾಮ ಸ್ವರಾಜ್ಯವನ್ನು ನಂಬಿದ್ದವರಿಗೆ ಇದು ನೋವು ತಂದಿತು. ಕೊನೆಗೆ ಪಂಚಾಯತಿ ವಿಷಯ 40ನೇ ವಿಧಿಯಾಗಿ ಸೇರಿತು. ಆದರೆ ನಿರ್ದೇಶಕ ತತ್ವಗಳ ಭಾಗದಲ್ಲಿ. ಅಂದರೆ ಸರ್ಕಾರ ಮಾಡಿದರೆ ಒಳ್ಳೆಯದು, ಮಾಡದಿದ್ದರೆ ಕೋರ್ಟಿಗೆ ಹೋಗಲಾಗದು.

ಬ್ರಿಟಿಷರ ಕಾಲದ್ದನ್ನು ಬೇಗ ಹೇಳಿಬಿಡುತ್ತೇನೆ. 1882ರ ಮೇ 18ರಂದು ವೈಸ್‌ರಾಯ್ ರಿಪನ್ ಒಂದು ನಿರ್ಣಯ ಹೊರಡಿಸಿದ. ಸ್ಥಳೀಯ ಮಂಡಳಿಗಳಲ್ಲಿ ಸರ್ಕಾರಿ ಅಧಿಕಾರಿಗಳಿಗಿಂತ ಅಧಿಕಾರಿಗಳಲ್ಲದವರೇ ಜಾಸ್ತಿ ಇರಬೇಕು ಅನ್ನುವುದು ಅದರ ಸಾರ. ಸ್ವಾತಂತ್ರ್ಯ ಬಂದ ಮೇಲೆ 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಮೂರು ಹಂತದ ಪಂಚಾಯತಿ ಬೇಕು ಅಂದಿತು. 1959ರ ಗಾಂಧಿ ಜಯಂತಿ ದಿನ ರಾಜಸ್ಥಾನದ ನಾಗೌರ್‌ನಲ್ಲಿ ನೆಹರು ಅದಕ್ಕೆ ಚಾಲನೆ ಕೊಟ್ಟರು.

(ದೃಶ್ಯ: ಬೋರ್‌ವೆಲ್ ಕೈಪಂಪು. ಬಿಂದಿಗೆ ತುಂಬುತ್ತಿದೆ.)

ಈಗ ನಮ್ಮ ರಾಜ್ಯದ ಕತೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹಳ್ಳಿ ಕಡೆಯ ಹಿರಿಯರಿಗೆ ‘ನೀರ್ ಸಾಬ್’ ಅಂದರೆ ಇವತ್ತಿಗೂ ಗೊತ್ತು. ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯವರು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ ಗ್ರಾಮೀಣಾಭಿವೃದ್ಧಿ ಮಂತ್ರಿ. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಕೊಟ್ಟ ಹೆಸರು ಅದು. ಬೋರ್‌ವೆಲ್ಲಿಗಿಂತ ದೊಡ್ಡ ಕೆಲಸ ಇನ್ನೊಂದಿತ್ತು. 1983ರ ಪಂಚಾಯತಿ ಕಾಯ್ದೆ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಬಂದಿದ್ದು ಅದರಿಂದ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಟ್ಟರು. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟರು. ನೆನಪಿಡಿ, ದೇಶದಲ್ಲಿ ಸಂವಿಧಾನ ತಿದ್ದುಪಡಿ ಬರುವುದಕ್ಕೂ ಎಷ್ಟೋ ಮೊದಲು.

1987ರ ಜನವರಿಯಲ್ಲಿ ಚುನಾವಣೆ ಆಯಿತು. ಮಾರನೇ ವರ್ಷ ನಜೀರ್ ಸಾಬ್ ತೀರಿಕೊಂಡರು. ಐದು ವರ್ಷ ಮುಗಿದಾಗ ಏನಾಯಿತು? ಸರ್ಕಾರ ಬದಲಾಗಿತ್ತು. ಹೊಸ ಚುನಾವಣೆ ಮಾಡಲಿಲ್ಲ. ಆರಿಸಿ ಬಂದವರ ಜಾಗದಲ್ಲಿ ಸರ್ಕಾರಿ ಆಡಳಿತಾಧಿಕಾರಿಗಳನ್ನು ತಂದು ಕೂರಿಸಿದರು. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಸುಮ್ನೆ ಬಿಟ್ಟುಬಿಟ್ಟರು. ತಡೆಯಲು ಆಗ ಯಾವ ಸಂವಿಧಾನದ ಆಸರೆಯೂ ಇರಲಿಲ್ಲ.

ಸಂವಿಧಾನದ 73ನೇ ತಿದ್ದುಪಡಿಗೆ ಯಾಕೆ ಅಷ್ಟು ಬೆಲೆ ಅನ್ನುವುದು ಇಲ್ಲಿ ಅರ್ಥವಾಗುತ್ತದೆ. 1993ರ ಏಪ್ರಿಲ್ 24ರಂದು ಅದು ಜಾರಿಗೆ ಬಂತು. ಪಂಚಾಯತಿಗೆ ಐದು ವರ್ಷ ಅವಧಿ, ಅದು ಮುಗಿಯುವುದರೊಳಗೆ ಚುನಾವಣೆ. ಅದಕ್ಕೆ ಬೇರೆಯೇ ರಾಜ್ಯ ಚುನಾವಣಾ ಆಯೋಗ. ದುಡ್ಡು ಹಂಚಲು ರಾಜ್ಯ ಹಣಕಾಸು ಆಯೋಗ. ಪರಿಶಿಷ್ಟ ಜಾತಿ, ಪಂಗಡಕ್ಕೆ ಜನಸಂಖ್ಯೆಗೆ ತಕ್ಕ ಮೀಸಲಾತಿ. ಹೆಂಗಸರಿಗೆ ಕಡಿಮೆ ಎಂದರೂ ಮೂರನೇ ಒಂದು ಪಾಲು. ಅರಳಿಕಟ್ಟೆ ಕೆಳಗೆ ನಿಂತವರು ಮೇಲೆ ಬಂದು ಕುರ್ಚಿಯಲ್ಲಿ ಕೂರುವುದಕ್ಕೆ ಕಾನೂನು ದಾರಿ ಮಾಡಿತು. ಅದೇ ವರ್ಷ ಮೇ 10ರಂದು ಕರ್ನಾಟಕದ ಕಾಯ್ದೆ ಬಂತು. ಈಗ ನಮ್ಮಲ್ಲಿ ಹೆಂಗಸರ ಪಾಲು ಅರ್ಧ.

ಹಾಗಂತ ಎಲ್ಲ ಸರಿಹೋಯಿತೇ? ಇಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆದರು. ಮತ್ತೆ ಅದೇ ಆಡಳಿತಾಧಿಕಾರಿಗಳು. ಸಂವಿಧಾನದಲ್ಲಿ ಬರೆದಿಟ್ಟರೂ ಹೀಗಾಗುತ್ತದೆ ಅಂದರೆ ಸಿಟ್ಟು ಬರಲ್ವಾ?

(ದೃಶ್ಯ: ಓವರ್‌ಹೆಡ್ ಟ್ಯಾಂಕ್ ಕೆಳಗೆ ವಾಲ್ವ್ ತಿರುಗಿಸುತ್ತಿರುವ ಕೈ.)

ಸರಿ, ಪಂಚಾಯತಿಗೆ ಇರುವ ಅಧಿಕಾರ ಏನು? ಬೆಳಗ್ಗೆ ಎದ್ದು ನಲ್ಲಿ ತಿರುಗಿಸಿ. ಆ ನೀರು ಪಂಚಾಯತಿಯದು. ವಾಲ್ವ್ ತಿರುಗಿಸುವ ನೀರಗಂಟಿ ಪಂಚಾಯತಿಯವರು. ಹಳೆಯ ಹೆಸರು ಹಾಗೇ ಉಳಿದಿದೆ ನೋಡಿ. ಮನೆ ಮುಂದಿನ ಚರಂಡಿ, ಬೀದಿ ದೀಪ, ಕಸದ ಗಾಡಿ, ಊರಿನ ಲೈಬ್ರರಿ, ಸಂತೆ. ಮನೆ ಕಟ್ಟುವ ಪರವಾನಗಿ, ಅಂಗಡಿ ಲೈಸೆನ್ಸ್, ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9 ಮತ್ತು 11. ಮನೆ ಕಂದಾಯ ಹಾಕುವುದು, ವಸೂಲಿ ಮಾಡುವುದು. ಮನೆ ಯಾರಿಗೆ ಮಂಜೂರಾಗಬೇಕು ಅನ್ನುವ ಪಟ್ಟಿ ಆಗಬೇಕಾದ್ದೂ ಮತದಾರರೆಲ್ಲ ಸೇರುವ ಗ್ರಾಮ ಸಭೆಯಲ್ಲಿ.

ಪಹಣಿ, ಖಾತೆ ಬದಲಾವಣೆ ಅಂತ ಜಮೀನಿನ ಕೆಲಸಕ್ಕೆ ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ ಹತ್ತಿರ ಜಗಳ ಮಾಡುವವರಿದ್ದಾರೆ. ಅದು ಕಂದಾಯ ಇಲಾಖೆಯದು. ಗ್ರಾಮ ಆಡಳಿತಾಧಿಕಾರಿಯನ್ನು, ನಾಡಕಚೇರಿಯನ್ನು ಕೇಳಬೇಕು.

ಸಂವಿಧಾನದ 11ನೇ ಪರಿಚ್ಛೇದದಲ್ಲಿ 29 ವಿಷಯಗಳ ಪಟ್ಟಿ ಇದೆ. ಕೃಷಿ, ಮೀನುಗಾರಿಕೆ, ಶಾಲೆ, ಆರೋಗ್ಯ ಎಲ್ಲ ಅದರಲ್ಲಿವೆ. ಆದರೆ ಇವನ್ನು ಪಂಚಾಯತಿಗೆ ಕೊಡಲೇಬೇಕು ಅಂತ ಇಲ್ಲ. ರಾಜ್ಯ ಬಯಸಿದರೆ ಕೊಡಬಹುದು ಅಂತ ಇದೆ. ಆ ‘ಬಹುದು’ ಅನ್ನುವ ಸಣ್ಣ ಪದದಲ್ಲಿ ಎಲ್ಲ ಸಿಕ್ಕಿಕೊಂಡಿದೆ.

ದುಡ್ಡಿನ ವಿಷಯಕ್ಕೂ ಹಾಗೇ ಕಟ್ಟುಪಾಡು. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ ತೆಗೆದುಕೊಳ್ಳಿ. 2021-22ರಿಂದ 2025-26ರವರೆಗೆ 100 ರೂಪಾಯಿ ಬಂದರೆ ಅದರಲ್ಲಿ 60 ರೂಪಾಯಿಯನ್ನು ನೀರು ಮತ್ತು ನೈರ್ಮಲ್ಯಕ್ಕೇ ಹಾಕಬೇಕು ಅಂತಿತ್ತು. ಊರೇ ಯೋಚಿಸಿ ಖರ್ಚು ಮಾಡಲು ಉಳಿಯುತ್ತಿದ್ದದ್ದು 40. ರಾಜ್ಯದ ಅನುದಾನದಲ್ಲಿ ದೊಡ್ಡ ಪಾಲು ಕರೆಂಟ್ ಬಿಲ್ಲಿಗೆ, ಸಿಬ್ಬಂದಿ ಸಂಬಳಕ್ಕೆ ಹೋಗುತ್ತದೆ. ಹಾಗಾಗಿ ಯಾರ ಅಪ್ಪಣೆಯೂ ಬೇಡದೆ ಖರ್ಚು ಮಾಡಬಹುದಾದ ದುಡ್ಡು ಅಂದರೆ ನೀವು ಕಟ್ಟುವ ಮನೆ ಕಂದಾಯ, ನೀರಿನ ಕರ. ಅದನ್ನು ಕಟ್ಟದೆ ಬಾಕಿ ಉಳಿಸಿಕೊಂಡವರಿಗೆ ಲೆಕ್ಕ ಕೇಳುವಾಗ ದನಿಯೂ ಏಳುವುದಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಉತ್ತರ ಕೊಡಬೇಕಾದವರು ಯಾರು? ಸದಸ್ಯರನ್ನು ನಾವು ಆರಿಸುತ್ತೇವೆ. ಹೆಚ್ಚು ಕಡಿಮೆ 400 ಜನರಿಗೆ ಒಬ್ಬರು. ಪಕ್ಷದ ಚಿಹ್ನೆ ಇಲ್ಲ. ಅಧ್ಯಕ್ಷರನ್ನು ಸದಸ್ಯರೇ ತಮ್ಮೊಳಗಿಂದ ಆರಿಸುತ್ತಾರೆ. ಪಿಡಿಒ ಸರ್ಕಾರಿ ನೌಕರರು. ಅಧ್ಯಕ್ಷರು, ಪಿಡಿಒ ಇಬ್ಬರೂ ಒಪ್ಪಿದರೆ ಮಾತ್ರ ದುಡ್ಡು ಹೊರಗೆ ಹೋಗುತ್ತದೆ. ಹಾಗಾಗಿ ‘ನನಗೆ ಗೊತ್ತಿಲ್ಲ, ಅವರನ್ನು ಕೇಳಿ’ ಅನ್ನುವ ಮಾತಿಗೆ ಇಬ್ಬರಿಗೂ ಅವಕಾಶವಿಲ್ಲ. ಅಧ್ಯಕ್ಷೆಯ ಗಂಡ ಬಂದು ಕುರ್ಚಿಯಲ್ಲಿ ಕೂತರೆ, ‘ಅಮ್ಮ ಎಲ್ಲಿ?’ ಅಂತ ಕೇಳಿ. ಆ ಕುರ್ಚಿ ಅವರದ್ದು.

2020ರ ಚುನಾವಣೆ ಹೊತ್ತಲ್ಲಿ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ್ದು ಸುದ್ದಿಯಾಗಿತ್ತು. ದುಡ್ಡು ಕೊಟ್ಟು ಸ್ಥಾನ ಕೊಂಡವರು ಊರಿಗೆ ಯಾಕೆ ಲೆಕ್ಕ ಕೊಡುತ್ತಾರೆ ಹೇಳಿ?

ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಅದಕ್ಕೆ ಮೊದಲು ವಾರ್ಡ್ ಸಭೆ. ಗ್ರಾಮ ಸಭೆಗೆ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು, ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಜನ ಬರದಿದ್ದಾಗ ಪುಸ್ತಕ ಹಿಡಿದು ಮನೆ ಬಾಗಿಲಿಗೇ ಸಹಿಗೆ ಬರುವುದೂ ಉಂಟು. ದಯವಿಟ್ಟು ಹಾಗೆ ಸಹಿ ಹಾಕಬೇಡಿ. ನೀವು ಹೋಗದ ಸಭೆಯಲ್ಲಿ ನೀವೇ ಒಪ್ಪಿದ ಹಾಗಾಗುತ್ತದೆ.

(ದೃಶ್ಯ: ಬೀದಿ ದೀಪದ ಕಂಬ. ಕ್ಯಾಮೆರಾ ನಿಧಾನವಾಗಿ ಮೇಲಕ್ಕೆ.)

ಈಗ ನಮ್ಮ ಬೀದಿಯ ಅಕ್ಕನ ಕತೆ. ಅವರು ಸದಸ್ಯೆಯಾಗಿದ್ದಾಗ ನಡೆದ ಒಂದು ಜಮಾಬಂದಿ. ಹೊರಗಿನ ಅಧಿಕಾರಿ ಬಂದಿದ್ದರು. ಊರಿನವರು ಹದಿನೈದು ಜನವೂ ಇರಲಿಲ್ಲವಂತೆ. ಖರ್ಚು ಓದುತ್ತಾ ಹೋದರು. ‘ಬೀದಿ ದೀಪ ಅಳವಡಿಕೆ, 20’ ಅಂತ ಬಂತು. ಅಕ್ಕ ಎದ್ದು ನಿಂತರು. ‘ಸಾರ್, ಯಾವ ಬೀದಿಗೆ?’ ಅಂತ ಕೇಳಿದರು. ಕಡತದಲ್ಲಿ ಬೀದಿ ಹೆಸರು ಇರಲಿಲ್ಲ. ‘ಹಾಗಾದರೆ ನಡೀರಿ, ಎಣಿಸೋಣ’ ಅಂದರು.

ಎಲ್ಲರೂ ಎದ್ದರು. ಮಟಮಟ ಮಧ್ಯಾಹ್ನ. ಅಧಿಕಾರಿ, ಸದಸ್ಯರು, ನೀರಗಂಟಿ, ಹಿಂದೆ ಮಕ್ಕಳು. ಒಂದೊಂದೇ ಕಂಬದ ಕೆಳಗೆ ನಿಂತು, ತಲೆ ಎತ್ತಿ, ಹೊಸ ದೀಪ ಹೌದೋ ಅಲ್ಲವೋ ಅಂತ ನೋಡಿದರು. ಸಿಕ್ಕಿದ್ದು 13. ಅಕ್ಕ ಆಗಲೂ ಜೋರು ಮಾಡಲಿಲ್ಲ. ‘ಇದನ್ನು ಬರೆದುಕೊಳ್ಳಿ ಸಾರ್, ಬರೆದಿದ್ದನ್ನು ಒಂದು ಸಲ ಓದಿ’ ಅಂದರು. ಅಧಿಕಾರಿ ಬರೆದರು, ಓದಿದರು. ಆಮೇಲೆಯೇ ಅಕ್ಕ ಸಹಿ ಹಾಕಿದ್ದು.

ಮುಂದಿನ ಗ್ರಾಮ ಸಭೆಯಲ್ಲಿ ಅವರು ಅದೇ ಪುಟ ತೆಗೆಸಿದರು. ದಸರಾ ಕಳೆಯುವಷ್ಟರಲ್ಲಿ ಉಳಿದ ಏಳು ದೀಪ ಬಂದವು. ಅದರಲ್ಲಿ ಒಂದು ನಮ್ಮ ಮನೆ ತಿರುವಿನಲ್ಲಿದೆ. ಈಗ ನಿಮಗೆ ಕಾಣುತ್ತಿರುವುದು ಅದೇ ಕಂಬ.