ಕ ಇಂದ ಮ ವರೆಗೆ ಒಂದು ಸುಡೊಕು

ಟೇಬಲ್ ಮೇಲಿರುವುದು ಕ್ಯಾಲೆಂಡರ್ ಅಲ್ಲ, ಸುಡೊಕು. ಪೇಪರಿನಲ್ಲಿ ಬರುವುದಕ್ಕೆ 81 ಮನೆ, ಇದಕ್ಕೆ 625. ಎ3 ಹಾಳೆಯಲ್ಲಿ ಹಾಕಿಸಿದರೂ ಒಂದೊಂದು ಮನೆ 11 ಮಿಲಿಮೀಟರ್, ಅಷ್ಟೇ.

ಸಾಲಿಗೆ 25 ಮನೆ, ಒಂದು ಸಾಲಿನಲ್ಲಿ ಒಂದು ಗುರುತು ಒಂದೇ ಸಲ. ಅಂದರೆ 25 ಗುರುತು ಬೇಕಲ್ವಾ? ಅಂಕಿ ಬಳಸಿದರೆ, ಒಂದು ಮನೆಯಲ್ಲಿ ಏನೇನು ಬರಬಹುದು ಅಂತ ಪೆನ್ಸಿಲ್ಲಿನಿಂದ ಚಿಕ್ಕದಾಗಿ ಬರೆದಿಡುವ ನೋಟ್ಸ್‌ನಲ್ಲಿ ಹನ್ನೆರಡೋ, ಒಂದು ಮತ್ತು ಎರಡೋ ಗೊತ್ತಾಗುವುದಿಲ್ಲ. ಅದಕ್ಕೇ ಹೆಚ್ಚಾಗಿ ಎ ಇಂದ ವೈ ವರೆಗೆ ಅಕ್ಷರ ಕೊಡುತ್ತಾರೆ. ನಾನು ಜಾಣತನ ಮಾಡಿದೆ. ನಮ್ಮ ವರ್ಗೀಯ ವ್ಯಂಜನ ಎಷ್ಟು? ಐದು ಸಾಲು, ಸಾಲಿಗೆ ಐದು. ಸರಿಯಾಗಿ 25! ಕಂಪ್ಯೂಟರಿನಲ್ಲಿ ಎಲ್ಲ ಬದಲಾಯಿಸಿ ಪ್ರಿಂಟ್ ಹಾಕಿಸಿದೆ. ಯಾವ ಅಕ್ಷರ ಬಾಕಿ ಅಂತ ಕಖಗಘಙ ಹೇಳಿಕೊಂಡೇ ಹುಡುಕಬಹುದು. ಅಂದಹಾಗೆ, ಶಾಲೆ ಬಿಟ್ಟ ಮೇಲೆ ನಾನು ಙ ಬರೆದದ್ದು ಇದೇ ಮೊದಲು. ಞ ಬರೆಯಲು ಗೂಗಲ್ ನೋಡಿದೆ. ನಮ್ಮ ಮೇಷ್ಟ್ರು ಈ ವಿಡಿಯೊ ನೋಡದಿರಲಿ.

ಈಗ ಹದಿನಾಲ್ಕನೇ ಸಾಲು ನೋಡಿ. ಎರಡು ದ! ಒಂದೇ ಸಾಲಿನಲ್ಲಿ! ಆಗಿದ್ದಿಷ್ಟೇ: ದ ಹೊಟ್ಟೆ ಸೀಳಿದರೆ ಧ, ಒಳಗೊಂದು ಚುಕ್ಕೆ ಇಟ್ಟರೆ ಥ. ಎರಡು ಮಿಲಿಮೀಟರ್ ಜಾಗದಲ್ಲಿ ಪೆನ್ಸಿಲ್ಲಿನಿಂದ ಯಾವ ಹೊಟ್ಟೆ ಸೀಳುತ್ತೀರಿ? ನಾನೇ ಬರೆದ ಧ ನನಗೇ ದ ಆಗಿ ಕಂಡಿದೆ. ಅದನ್ನೇ ನಂಬಿ ಮೂರು ಸಂಜೆ ಮುಂದಕ್ಕೆ ಹೋಗಿದ್ದೇನೆ. ಎಲ್ಲಿಂದ ತಪ್ಪಿತು ಅಂತ ಗೊತ್ತಿಲ್ಲ, ಹಾಗಾಗಿ ಎಲ್ಲವನ್ನೂ ಅಳಿಸಬೇಕು. ಅಳಿಸಿ ಅಳಿಸಿ ಇಗೋ, ಇಲ್ಲಿ ಹಾಳೆಗೆ ತೂತು ಬಿದ್ದಿದೆ. ಪಕ್ಕದಲ್ಲಿ ಡ, ಢ ಕಾದು ಕೂತಿವೆ. ಪ, ಫ ಕೂಡ.

ಎರಡನೇ ಹಾಳೆಯಲ್ಲಿ ನೋಟ್ಸ್‌ಗೆ ಅಕ್ಷರ ಬಿಟ್ಟು ಚುಕ್ಕೆ ಹಿಡಿದೆ. ಮನೆಯೊಳಗೆ ಐದು ಸಾಲು ಇದೆ ಅಂದುಕೊಳ್ಳಿ. ಮೇಲಿನ ಸಾಲು ಕ-ವರ್ಗ, ಕೊನೆಯದು ಪ-ವರ್ಗ. ಚುಕ್ಕೆ ಎಲ್ಲಿದೆಯೋ ಅದೇ ಅಕ್ಷರ. ಅದ್ಭುತ, ಇನ್ನು ಅಕ್ಷರ ಬರೆಯುವವರೆಲ್ಲ ದಡ್ಡರು ಅಂದುಕೊಂಡೆ. ಎರಡು ದಿನ. ಆಮೇಲೆ ಚುಕ್ಕೆ ಮೂರನೇ ಸಾಲಿನದೋ ನಾಲ್ಕನೇ ಸಾಲಿನದೋ ಅಂತ ಕಣ್ಣು ಕಿರಿದು ಮಾಡಿ ತಲೆನೋವು ಬಂತು.

ಮೂರು ಸಲ ವಿಶ್ವ ಸುಡೊಕು ಚಾಂಪಿಯನ್ ಆದ ಥಾಮಸ್ ಸ್ನೈಡರ್ ಹೆಸರಿನ ಒಂದು ಪದ್ಧತಿ ಇದೆ. ಒಂದು ಬಾಕ್ಸಿನಲ್ಲಿ, ಅಂದರೆ ದಪ್ಪ ಗೆರೆಯ ಒಂದು ಚೌಕದಲ್ಲಿ, ಒಂದು ಅಂಕಿಗೆ ಎರಡೇ ಜಾಗ ಉಳಿದರೆ ಮಾತ್ರ ಗುರುತು ಹಾಕುವುದು, ಇಲ್ಲದಿದ್ದರೆ ಸುಮ್ನೆ ಬಿಡುವುದು. ಇಷ್ಟು ದೊಡ್ಡದರಲ್ಲಿ ಶುರುವಿಗೆ ಎರಡು ಸಿಗುವುದೇ ಅಪರೂಪ. ನಾನು ಮೂರಕ್ಕೂ ಹಾಕುತ್ತೇನೆ, ಬಯ್ಯಬೇಡಿ. ಚುಕ್ಕೆ ಕಡಿಮೆಯಾದ ಮೇಲೆ ಚುಕ್ಕೆ ಪದ್ಧತಿ ಮತ್ತೆ ಚೆನ್ನಾಗಿದೆ ಅನಿಸುತ್ತಿದೆ.

ಅಯ್ಯೋ, ಅಮ್ಮ ತಟ್ಟೆ ತಂದರು. ಈ ಬಾಕ್ಸಿಗೆ ಘ ಒಂದು ಹಾಕಿಬಿಡುತ್ತೇನೆ, ತಡೀರಿ. ಅಮ್ಮಾ, ಸಾರು ಈ ಕಡೆ ಬೇಡ!