ಹಳಿಯ ಮೇಲಿನ ಕಾಲುದಾರಿ

ಕೇಳುಗರೆ, ನಮಸ್ಕಾರ.

ಮೊನ್ನೆ ಸಕಲೇಶಪುರದ ಹತ್ತಿರ ನೆಂಟರ ಕಾಫಿ ತೋಟಕ್ಕೆ ಹೋಗಿದ್ದೆ. ಕಣದ ಪಕ್ಕದ ಹಲಸಿನ ಮರಕ್ಕೆ ಮೊಳದುದ್ದದ ಕಬ್ಬಿಣ ನೇತುಹಾಕಿದ್ದರು. ಆಳುಗಳನ್ನು ಕರೆಯುವ ಗಂಟೆ. ನೋಡಿದರೆ ಹಳೇ ರೈಲು ಹಳಿಯ ತುಂಡು. ‘ಮೀಟರ್ ಗೇಜ್ ಕಾಲದ್ದು, ಗುಜರಿಯಿಂದ ತಂದಿದ್ದು’ ಅಂದರು. ಹೊಡೆತ ಬೀಳುವ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

ಹಾಸನ–ಮಂಗಳೂರು ರೈಲು ದಾರಿ ಮುಗಿದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ. 57 ಸುರಂಗ, 109 ಸೇತುವೆ. 50 ಅಡಿ ಹೋದರೆ ಒಂದು ಅಡಿ ಏರು. ನಮ್ಮ ಕಾಲಿಗೆ ಅದೊಂದು ಏರೇ ಅಲ್ಲ, ರೈಲಿಗೆ ಮಾತ್ರ ಏದುಸಿರು. ಗೂಡ್ಸ್ ಗಾಡಿ ಘಾಟಿ ಹತ್ತಬೇಕಾದರೆ ಹಿಂದಿನಿಂದ ದೂಡಲು ಬೇರೆ ಎಂಜಿನ್ ಬೇಕು.

1996ರಲ್ಲಿ ಮೀಟರ್ ಅಗಲದ ಹಳಿ ತೆಗೆದು ಇನ್ನೂ ಅಗಲದ ಬ್ರಾಡ್ ಗೇಜ್ ಮಾಡಲು ಅಂತ ರೈಲು ನಿಲ್ಲಿಸಿದರು. ಕೆಲಸ ಹತ್ತು ವರ್ಷ ಎಳೆಯಿತು. ಕಾಡಿನ ನಡುವೆ ಅಂಥ ದಾರಿ ಖಾಲಿ ಬಿದ್ದಿದ್ದರೆ ಜನ ಸುಮ್ನೆ ಇರ್ತಾರಾ? ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗರ ದಂಡು ಬೆಂಗಳೂರಿನಿಂದ ಬರತೊಡಗಿತು. ಸಕಲೇಶಪುರದ ಪಕ್ಕದ ದೋಣಿಗಾಲ್‌ನಲ್ಲಿ ಹಳಿ ಹತ್ತುವುದು, ಎಡಕುಮೇರಿ ಸ್ಟೇಷನ್‌ವರೆಗೆ ನಡೆಯುವುದು. ಅದಕ್ಕೆ ‘ಗ್ರೀನ್ ರೂಟ್’ ಅಂತ ಹೆಸರೂ ಆಯಿತು.

ನಾನೂ ಒಮ್ಮೆ ಹೋಗಿದ್ದೆ. ನಾವು ಹೋದಾಗ ಹಳಿ ಇನ್ನೂ ಕಿತ್ತಿರಲಿಲ್ಲ. ಹಳಿ ಕೆಳಗೆ ಅಡ್ಡ ಹಾಸಿದ ಸ್ಲೀಪರ್ ಪಟ್ಟಿಗಳ ಮೇಲೆ ನಡೆಯೋದು ಬಲು ಕಿರಿಕಿರಿ. ಒಂದೊಂದೇ ತುಳಿದರೆ ಹೆಜ್ಜೆ ಚಿಕ್ಕದು, ಒಂದು ಬಿಟ್ಟು ಒಂದು ತುಳಿದರೆ ಹಾರಬೇಕು. ಸುರಂಗದೊಳಗೆ ಬಾವಲಿ ವಾಸನೆ, ತೊಟ್ಟಿಕ್ಕುವ ನೀರು. ಗೋಡೆಯಲ್ಲಿ ಅಲ್ಲಲ್ಲಿ ಆಳೆತ್ತರದ ಗೂಡು. ರೈಲು ಬಂದರೆ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗಳು ಅದರೊಳಗೆ ಸರಿದು ನಿಲ್ಲಬೇಕು. ಸೇತುವೆಯ ಮೇಲಂತೂ ಸ್ಲೀಪರ್ ಸಂದಿಯಲ್ಲಿ ಕೆಳಗಿನ ಹೊಳೆ ನೇರ ಕಾಣುತ್ತದೆ. ನಮ್ಮ ಭಾವ ಮೊದಲ ಸೇತುವೆಯನ್ನು ಕೂತುಕೊಂಡೇ, ಅಂಡು ಸರಿಸುತ್ತಾ ದಾಟಿದರು. ರೇಡಿಯೊ ಕೇಳುತ್ತಿದ್ದರೆ ಕ್ಷಮಿಸಲಿ.

ಎಡಕುಮೇರಿಗೆ ತಲುಪುವಾಗ ಕತ್ತಲು. ರಸ್ತೆಯೇ ಇಲ್ಲದ ಸ್ಟೇಷನ್ ಅದು. ಪ್ಲಾಟ್‌ಫಾರ್ಮಿನ ಮೇಲೆ ಮಲಗಿ, ರಾತ್ರಿಯೆಲ್ಲಾ ಕಾಲಿನ ಇಂಬಳ ಕಿತ್ತಿದ್ದೇ ಕಿತ್ತಿದ್ದು.

2006ರಲ್ಲಿ ಗೂಡ್ಸ್ ಗಾಡಿ ಬಂತು, 2007ರ ಡಿಸೆಂಬರಿನಲ್ಲಿ ಪ್ಯಾಸೆಂಜರ್. ಬೇರೆ ಊರುಗಳಲ್ಲಿ ರೈಲು ಸತ್ತು ನೆನಪು ಉಳಿಯುತ್ತೆ. ನಮ್ಮಲ್ಲಿ ರೈಲು ಎದ್ದು ಕೂತಿತು, ಕಾಲುದಾರಿ ಸತ್ತಿತು. ಆಮೇಲೂ ಕದ್ದು ನಡೆದವರು ಇದ್ದರು ಅನ್ನಿ. ಈಗ ಹಳಿ ಮೇಲೆ ನಡೆದು ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ನನಗೇನೂ ತಕರಾರಿಲ್ಲ. ಸೇತುವೆಯ ನಡುವೆ ರೈಲು ಎದುರಾದರೆ ಓಡೋದೆಲ್ಲಿಗೆ, ಅಲ್ವಾ?

ಕಾಡು ನೋಡುವ ಆಸೆ ಇದ್ದವರಿಗೆ 2021ರಿಂದ ಗಾಜಿನ ಬೋಗಿ ಬಂದಿದೆ. ಚೆನ್ನಾಗಿದೆ. ಆದರೆ ನಾವು ಒಂದು ಹಗಲು ಪೂರ್ತಿ ನಡೆದ ದಾರಿ ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹಿಂದೆ ಹೋಗುತ್ತದೆ. ಬಾವಲಿ ವಾಸನೆಯಂತೂ ಒಳಗೆ ಬರೋದೇ ಇಲ್ಲ.

ಅವತ್ತು ಸಂಜೆ ತೋಟದ ಮೇಸ್ತ್ರಿ ಬಂದು ಹಳಿ ತುಂಡಿಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದರು. ಅದೇ ಹೊತ್ತಿಗೆ ಘಾಟಿ ಕಡೆಯಿಂದ ಗೂಡ್ಸ್ ಗಾಡಿಯೂ ಕೂಗಿತು. ಆಳುಗಳು ಆ ಕಡೆ ತಿರುಗಿಯೂ ನೋಡಲಿಲ್ಲ. ಬುಟ್ಟಿ ಎತ್ತಿಕೊಂಡು ತೋಟದಲ್ಲೇ ಇರುವ ತಮ್ಮ ಲೈನ್ ಮನೆ ಕಡೆ ಹೊರಟರು.

ನಮಸ್ಕಾರ.